ಜೆಲ್ ಹೇಳಿದ ಸುಳ್ಳು, ಎಲೈಸಾ ಹಿಡಿದ ಕಳ್ಳ

ಆಲ್‌ಝೈಮರ್ ರೋಗಿಗಳ ಎಪಿಒಇ ಜೀನನ್ನು ಪ್ರೋಬ್ (ಜೀನಿನ ರೂಪ ಗುರುತಿಸುವ ಡಿಎನ್‌ಎ ತುಣುಕು) ಇಲ್ಲದೆ, ಡಿಎನ್‌ಎ ಕತ್ತರಿಸುವ ಎಚ್‌ಎಚ್‌ಎ-ಒನ್ ಕಿಣ್ವದಿಂದಲೇ ಓದುತ್ತೇನೆ ಎಂದಾಗ ಪ್ರಯೋಗಾಲಯದಲ್ಲಿ ನಕ್ಕವರೇ ಹೆಚ್ಚು. “1990ರ ವಿಧಾನ ಮೇಡಂ, ಈಗ ಯಾರು ಮಾಡುತ್ತಾರೆ?” “ದುಡ್ಡಿಲ್ಲದವರು” ಎಂದೆ. ಪ್ರೋಬ್‌ಗಳ ದರಪಟ್ಟಿ 70 ಸಾವಿರದ ಆಸುಪಾಸು. ಕಿಣ್ವ ಏಳೆಂಟು ಸಾವಿರ. ಅಪೊ-ಇ ಪ್ರೋಟೀನನ್ನು ಮಾಡುವ ಈ ಜೀನಿಗೆ ಇ2, ಇ3, ಇ4 ಎಂದು ಮೂರು ರೂಪ; ಪ್ರತಿಯೊಬ್ಬರಲ್ಲೂ ಎರಡು ಪ್ರತಿ. ಇ4 ಇದ್ದರೆ ಆಲ್‌ಝೈಮರ್ ಅಪಾಯ ಹೆಚ್ಚು.

ಮೂರು ವಾರ ಒಂದು ಬ್ಯಾಂಡೂ (ಜೆಲ್‌ನಲ್ಲಿ ಕಾಣುವ ಡಿಎನ್‌ಎ ತುಂಡಿನ ಗೆರೆ) ಬರಲಿಲ್ಲ. ಜಿ, ಸಿ ಬೇಸ್‌ಗಳು ತುಂಬಿದ ಜಾಗ, ಎಳೆಗಳು ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ. ಎಳೆ ಬಿಡಿಸುವ ಡಿಎಂಎಸ್‌ಒ ದ್ರಾವಕವನ್ನು 10% ಹಾಕಿದ ಮೇಲೆ, ಡಿಎನ್‌ಎಯ ಪ್ರತಿಗಳನ್ನು ಮಾಡುವ ಪಿಸಿಆರ್ ಬಾಯಿಬಿಟ್ಟಿತು. ತುಂಡುಗಳನ್ನು ಉದ್ದದ ಪ್ರಕಾರ ಬೇರೆ ಮಾಡುವ ಜೆಲ್‌ಗೆಂದು ಕಾಯಿಸಿದ 4% ಅಗರೋಸ್ ಮೈಕ್ರೋವೇವ್‌ನಲ್ಲಿ ಉಕ್ಕಿ ಚೆಲ್ಲಿತು, ಉಳಿದದ್ದು ಗಂಟುಗಟ್ಟಿದ ಅಂಬಲಿ. ಅದರಲ್ಲಿ 91 ಮತ್ತು 83 ಬೇಸ್‌ಗಳ ತುಂಡುಗಳು ಬೇರೆಯಾಗಲೇ ಇಲ್ಲ. ಕಿಣ್ವ ಹಾಕಿದ ಮೇಲೂ 83 ಹಾಗೆಯೇ ಉಳಿದರೆ ಇ2; ಅದು 48 ಮತ್ತು 35 ಆಗಿ ಒಡೆದರೆ ಇ2 ಅಲ್ಲ. ಇನ್ನೂ ಸೂಕ್ಷ್ಮವಾದ ಪಾಲಿಅಕ್ರಿಲಮೈಡ್ ಜೆಲ್‌ಗೆ ಹೋದೆ. ಎಷ್ಟು ಪ್ರತಿಶತ, ಎಷ್ಟು ವೋಲ್ಟ್ ಎಂಬುದು ನನ್ನ ನೋಟ್‌ಬುಕ್ಕಿನಲ್ಲೇ ಇರಲಿ.

80 ಮಾದರಿಗಳಲ್ಲಿ 17 ಇ2/ಇ3! ಇ2 ಮೂರು ರೂಪಗಳಲ್ಲಿ ಎಲ್ಲಕ್ಕಿಂತ ಅಪರೂಪದ್ದು, ಇಷ್ಟೊಂದು ಎಲ್ಲಿಂದ ಬರಬೇಕು? “ಚಿಕ್ಕ ಗುಂಪಿನಲ್ಲಿ ಹೀಗೆಲ್ಲ ಆಗುತ್ತದೆ” ಎಂದರು ಹಿರಿಯರು. ನನಗೆ ನಿದ್ದೆ ಬರಲಿಲ್ಲ. ಇ2 ಇದ್ದವರ ರಕ್ತದಲ್ಲಿ ಅಪೊ-ಇ ಪ್ರೋಟೀನ್ ಏರಿರುತ್ತದೆ, ಇ4 ಇದ್ದವರಲ್ಲಿ ಇಳಿದಿರುತ್ತದೆ. ಹಾಗಾದರೆ ಪ್ಲಾಸ್ಮಾವನ್ನೇ ಕೇಳೋಣ ಎಂದುಕೊಂಡೆ. ಪ್ರೋಟೀನ್ ಅಳೆಯುವ ಎಲೈಸಾ ಕಿಟ್‌ಗೆ 55 ಸಾವಿರ. ಉಳಿಸಿದ ದುಡ್ಡೆಲ್ಲ ಅಲ್ಲಿಗೇ ಹೋಯಿತು.

ಆ 17ರ ಜೊತೆ ಹೋಲಿಕೆಗೆ 20 ಇ3/ಇ3 ಮಾದರಿಗಳನ್ನು ಎಲೈಸಾ ಪ್ಲೇಟಿನ ಎರಡೆರಡು ವೆಲ್‌ಗಳಲ್ಲಿ (ಗುಳಿಗಳಲ್ಲಿ) ಹಾಕಿದೆ. 17ರಲ್ಲಿ ಆರು ಮಾತ್ರ ಮೇಲೆದ್ದವು. 11 ಮಾದರಿಗಳು ಇ3ರ ಗುಂಪಿನಲ್ಲೇ ಕುಳಿತಿದ್ದವು. ಜೆಲ್ ಚಿತ್ರವನ್ನು ಮತ್ತೆ ತೆಗೆದು ನೋಡಿದರೆ ಆ ಹನ್ನೊಂದರಲ್ಲಿ 83ರ ಗೆರೆ ಪೆನ್ಸಿಲಿನಿಂದ ಎಳೆದಷ್ಟು ತೆಳು. ಕಿಣ್ವ ಪೂರ್ತಿ ಕತ್ತರಿಸಿಲ್ಲ! 48 ಮತ್ತು 35 ಆಗಬೇಕಿದ್ದದ್ದು 83 ಆಗಿಯೇ ಉಳಿದು ಇ2 ವೇಷ ಹಾಕಿತ್ತು. ಮಳೆಗಾಲದಲ್ಲಿ ಕಿಣ್ವ ಇಟ್ಟಿದ್ದ ಫ್ರೀಜರ್ ಒಂದು ರಾತ್ರಿ ಕೈಕೊಟ್ಟದ್ದು ಆಗ ನೆನಪಾಯಿತು. ಹೊಸ ಕಿಣ್ವ ತರಿಸಿ ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟೆ. ಹನ್ನೊಂದೂ ಇ3/ಇ3. ನಕ್ಕವರನ್ನು ಕರೆದು ಜೆಲ್ ತೋರಿಸಿದೆ, ಸುಳ್ಳೇಕೆ ಹೇಳಲಿ.

ಹಾಗೆಂದು ಪ್ರೋಟೀನನ್ನೇ ನಂಬಿ ಕೂರುವಂತಿಲ್ಲ. ಒಬ್ಬ ಇ3/ಇ3 ರೋಗಿಯ ಅಪೊ-ಇ ಎಲ್ಲರಿಗಿಂತ ಮೇಲಿತ್ತು. ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದರೆ ಪ್ಲಾಸ್ಮಾ ಮಜ್ಜಿಗೆಯ ಹಾಗೆ: ಟ್ರೈಗ್ಲಿಸರೈಡ್ ಎಂಬ ಕೊಬ್ಬು ವಿಪರೀತ, ಅದೂ ಅಪೊ-ಇಯನ್ನು ಏರಿಸುತ್ತದೆ.

ಪ್ಲೇಟಿನಲ್ಲಿ ಎರಡು ವೆಲ್ ಮಿಕ್ಕಿದ್ದವು. ನನ್ನದೇ ಪ್ಲಾಸ್ಮಾ ಹಾಕಿದ್ದೆ. ಎರಡರಲ್ಲೂ ಅಪೊ-ಇ ಕಡಿಮೆ ಬಂತು. ನನ್ನ ಡಿಎನ್‌ಎಯನ್ನು ಜೆಲ್‌ಗೆ ಇನ್ನೂ ಹಾಕಿಲ್ಲ.