ಗೋಪುರ ಹಿಂದೆ ಇದೆ, ಮಿಸ್!

ನ್ಯೂಜೆರ್ಸಿಯ ಶಾಲೆಯೊಂದರಲ್ಲಿ ಆರನೇ ಕ್ಲಾಸಿನ ಮಕ್ಕಳಿಗೆ ಸಮಾಜ ಪಾಠ ಮಾಡುತ್ತೇನೆ. ನದಿ ದಾಟಿದರೆ ಮ್ಯಾನ್‌ಹಟನ್. ಅಲ್ಲಿನ ಸೇಂಟ್ ಪಾಲ್ಸ್ ಚಾಪೆಲ್ ಬಗ್ಗೆ ಮೊದಲ ಸಲ ಸ್ಲೈಡ್ ತೋರಿಸಿ ಪಾಠ ಮಾಡಿದ್ದೆ. 1766ರದ್ದು, ಮ್ಯಾನ್‌ಹಟನ್‌ನಲ್ಲಿ ಉಳಿದಿರುವ ಚರ್ಚುಗಳಲ್ಲೇ ಹಳೆಯದು, 1776ರ ದೊಡ್ಡ ಬೆಂಕಿಯಲ್ಲೂ ಉಳಿದುಕೊಂಡಿತು. ಮಕ್ಕಳು ಬರೆದುಕೊಂಡರು, ಮರೆತರು. ಮರುವರ್ಷ ರಟ್ಟು, ಕತ್ತರಿ, ಅಂಟು ಕೈಗೆ ಕೊಟ್ಟು, "ಹೇಗಿತ್ತು ಅಂತ ನೀವೇ ಹುಡುಕಿ ಕಟ್ಟಿ" ಅಂದೆ.

ಇದಕ್ಕೆ ಮಾದರಿ ಲಂಡನ್ನಿನ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಚರ್ಚು ಅಂತ ಓದಿದರು. 1720ರ ದಶಕದಲ್ಲಿ ವಾಸ್ತುಶಿಲ್ಪಿ ಜೇಮ್ಸ್ ಗಿಬ್ಸ್ ವಿನ್ಯಾಸದಲ್ಲಿ ಕಟ್ಟಿದ್ದು. ಅಲ್ಲಿ ಮುಂದೆ ಕಂಬಗಳು, ಅವುಗಳ ಹಿಂದೆಯೇ ಚೂಪು ಗೋಪುರ. ಮಕ್ಕಳೂ ಹಾಗೇ ಅಂಟಿಸಿದರು. ತಪ್ಪು ಅಂತ ನನಗೆ ಗೊತ್ತಿತ್ತು. ಸುಮ್ನಿದ್ದೆ.

ಆಮೇಲೆ ಪಾತ್ ರೈಲಿನಲ್ಲಿ ಕರೆದುಕೊಂಡು ಹೋದೆ. ಸ್ಟೇಷನ್‌ನಿಂದ ಹೊರಬಂದರೆ ರಸ್ತೆಯಾಚೆ ಚಾಪೆಲಿನ ಸಮಾಧಿಗಳ ಅಂಗಳ, ಅದರಾಚೆ ಗೋಪುರ. ಕಂಬಗಳು ಎಲ್ಲೂ ಇಲ್ಲ! ಸುತ್ತಿಕೊಂಡು ಬ್ರಾಡ್‌ವೇ ಕಡೆಗೆ ಬಂದಾಗ ಕಂಬಗಳು ಸಿಕ್ಕವು. "ಗೋಪುರ ಹಿಂದೆ ಇದೆ, ಮಿಸ್!" ಅಂತ ಒಬ್ಬ ಕೂಗಿದ. ಒಳಗೆ ಹೋದರೆ ಇನ್ನೂ ಗೊಂದಲ. ಕಂಬಗಳ ಕಡೆಯ ಗೋಡೆಗೇ ಒಳಗಿನಿಂದ ದೇವಪೀಠ. ಹಾಗಾದರೆ ಮುಂಭಾಗ ಯಾವುದು?

ಉತ್ತರವನ್ನು ನಾನು ಹೇಳಲಿಲ್ಲ. ಕ್ಲಾಸಿಗೆ ವಾಪಸ್ ಬಂದು ಹಳೆಯ ನಕ್ಷೆ ಹರಡಿದೆವು. ಆಗ ಹಡ್ಸನ್ ನದಿ ಈಗಿಗಿಂತ ತುಂಬಾ ಹತ್ತಿರ ಇತ್ತು. ಮಣ್ಣು ತುಂಬಿ ದಡವನ್ನು ಮುಂದಕ್ಕೆ ತಂದದ್ದು ಆಮೇಲೆ. ಚಾಪೆಲಿನ ಬಾಗಿಲು ನದಿಯ ಕಡೆಗೆ ಇತ್ತು, ಗೋಪುರ ಬಂದದ್ದೂ ಆ ಕಡೆಗೇ. ಅಂಟಿಸಿದ ಗೋಪುರವನ್ನು ಕಿತ್ತು ಆ ತುದಿಗೆ ಇಟ್ಟರು. ಆ ಒಂದು ತಪ್ಪಿನಿಂದ ಅವರು ಕಲಿತಷ್ಟು ನನ್ನ ಸ್ಲೈಡುಗಳಿಂದ ಖಂಡಿತ ಕಲಿತಿರಲಿಲ್ಲ.

ಅಳತೆಗೆ ಸುಲಭದ ದಾರಿ ಹಿಡಿದೆವು. ಒಬ್ಬ ಹುಡುಗನನ್ನು ಗೋಡೆಗೆ ನಿಲ್ಲಿಸಿ ಫೋಟೋ ತೆಗೆದು, ಅವನ ಎತ್ತರದ ಲೆಕ್ಕದಲ್ಲಿ ಉಳಿದದ್ದನ್ನು ಅಳೆದೆವು. ಒಂದು ಮೀಟರಿಗೆ ಒಂದು ಸೆಂಟಿಮೀಟರ್. ಗೋಡೆಯದು ಮ್ಯಾನ್‌ಹಟನ್ನಿನದೇ ಶಿಸ್ಟ್ ಕಲ್ಲು. ಬಿಸಿಲು ಬಿದ್ದರೆ ಅದರಲ್ಲಿ ಕಾಗೆಬಂಗಾರದ ಚೂರುಗಳು ಮಿಂಚುತ್ತವೆ. ಅದನ್ನು ನೋಡಿ ಬಂದ ಹುಡುಗಿಯೊಬ್ಬಳು ಬೂದು ಬಣ್ಣಕ್ಕೆ ಚಿಟಿಕೆ ಬೆಳ್ಳಿ ಪುಡಿ ಬೆರೆಸಿದಳು. ಮೂಲೆಗಳಿಗೆ ಮಾತ್ರ ಕಂದು, ಅಲ್ಲಿರುವುದು ಬ್ರೌನ್‌ಸ್ಟೋನ್.

ಜಾಸ್ತಿ ಚರ್ಚೆ ನಡೆದದ್ದು ಪ್ರವಚನ ಪೀಠದ ಬಗ್ಗೆ. ಕಟ್ಟಿದಾಗ ಇದು ಇಂಗ್ಲೆಂಡಿನ ಚರ್ಚಿಗೆ ಸೇರಿದ್ದು, ಸ್ವಾತಂತ್ರ್ಯ ಬಂದ ಮೇಲೆ ಅದರಿಂದ ಬೇರೆಯಾದ ಅಮೆರಿಕದ ಎಪಿಸ್ಕೋಪಲ್ ಚರ್ಚಿನದಾಯಿತು. ಆದರೂ ಪೀಠದ ನೆತ್ತಿಯಲ್ಲಿ ವೇಲ್ಸ್ ರಾಜಕುಮಾರನ, ಅಂದರೆ ಬ್ರಿಟಿಷ್ ಯುವರಾಜನ, ಗರಿಗಳ ಲಾಂಛನ ಹಾಗೇ ಇದೆ. "ಯಾಕೆ ತೆಗೀಲಿಲ್ಲ?" ಅಂತ ಅರ್ಧ ಗಂಟೆ ವಾದ ಮಾಡಿದರು.

ಕೊನೆಗೆ ಒಂದು ಪ್ರಶ್ನೆ ಉಳಿಯಿತು. ನಮ್ಮದು ಯಾವ ವರ್ಷದ ಚಾಪೆಲ್? 1789ರ ಏಪ್ರಿಲ್ 30ರಂದು ಅಧ್ಯಕ್ಷರಾಗಿ ಪ್ರಮಾಣ ಮಾಡಿದ ಮೇಲೆ ವಾಷಿಂಗ್ಟನ್ ಪ್ರಾರ್ಥನೆಗೆ ಬಂದದ್ದು ಇಲ್ಲಿಗೇ. ಅರ್ಧ ಕ್ಲಾಸಿಗೆ ಆ ದಿನ ಬೇಕು. ಉಳಿದವರಿಗೆ 2001. ರಸ್ತೆಯಾಚೆಯ ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟಡಗಳು ದಾಳಿಗೆ ಕುಸಿದ ಮೇಲೆ, ದಣಿದ ರಕ್ಷಣಾ ಕೆಲಸಗಾರರು ಇಲ್ಲಿನ ಬೆಂಚುಗಳ ಮೇಲೆ ಬೂಟು ಸಮೇತ ಮಲಗಿದ್ದರು. ವಾಷಿಂಗ್ಟನ್ ಕೂರುತ್ತಿದ್ದ ಜಾಗದಲ್ಲೇ ಅವರ ನೊಂದ ಕಾಲುಗಳಿಗೆ ಆರೈಕೆ ನಡೆಯಿತು. ಅಷ್ಟರಲ್ಲಿ ಒಬ್ಬ ಟಿಪ್ಪಣಿ ತಿರುವಿ ಹೇಳಿದ: ಗೋಪುರ ಕಟ್ಟಿದ್ದು 1790ರ ದಶಕದಲ್ಲಿ. ಅಂದರೆ ಆ ದಿನ ವಾಷಿಂಗ್ಟನ್ ಅದನ್ನು ನೋಡೇ ಇಲ್ಲ!

ಹಾಗಾಗಿ ಗೋಪುರವನ್ನು ಅಂಟಿಸಲಿಲ್ಲ. ಎತ್ತಿ ಇಡುವ ಹಾಗೆ ಮಾಡಿದರು. ಬೆಳ್ಳಿ ಪುಡಿ ಬೆರೆಸಿದ ಹುಡುಗಿ ಅಂಗಳದ ಮೂಲೆಯಲ್ಲಿ ಒಂದು ತೂತು ಕೊರೆದು, ಕಡ್ಡಿಯಿಂದ ಸಿಕಮೋರ್ ಮರ ಮಾಡಿ ನಿಲ್ಲಿಸಿದಳು. ಪೋಷಕರು ಬಂದ ದಿನ ಅವಳೇ ವಿವರಿಸಿದಳು. 1789 ಅಂದಾಗ ಗೋಪುರವೂ ಇಲ್ಲ, ಮರವೂ ಇಲ್ಲ. ಆಮೇಲೆ ಎರಡನ್ನೂ ಇಟ್ಟಳು. 2001ರ ಸೆಪ್ಟೆಂಬರ್ 11ಕ್ಕೆ ಬಂದಾಗ ಮರವನ್ನು ಮೆಲ್ಲಗೆ ಕಿತ್ತು, ಸಮಾಧಿಗಳ ಮೇಲೆ ಅಡ್ಡ ಮಲಗಿಸಿದಳು. ಚಾಪೆಲನ್ನು ಮುಟ್ಟಲಿಲ್ಲ.