ರಕ್ಷಣಾ ಖರೀದಿ ಸುದ್ದಿ: ಒಪ್ಪಿಗೆಯಿಂದ ಪಡೆಯ ಕೈ ಸೇರುವವರೆಗೆ ಜಾಡು ಹಿಡಿಯುವುದು ಹೇಗೆ?

2025ರ ಜುಲೈ 3ರಂದು ರಕ್ಷಣಾ ಖರೀದಿ ಮಂಡಳಿಯು ಸುಮಾರು ₹1.05 ಲಕ್ಷ ಕೋಟಿಯ ಹತ್ತು ಪ್ರಸ್ತಾವಗಳಿಗೆ ಒಪ್ಪಿಗೆ ಕೊಟ್ಟಿತು. ಆ ದಿನ ಬೊಕ್ಕಸದಿಂದ ಇದಕ್ಕಾಗಿ ಒಂದು ರೂಪಾಯಿಯೂ ಹೊರಬೀಳಲಿಲ್ಲ, ಯಾವ ಕಂಪನಿಗೂ ಆರ್ಡರ್ ಹೋಗಲಿಲ್ಲ. ಆದರೂ ಇಂಥ ದಿನಗಳಲ್ಲಿ ‘ಸೇನೆಗೆ ಬಂತು ಆನೆಬಲ’ ಎಂಬ ಧಾಟಿಯ ತಲೆಬರಹಗಳಿಗೆ ಬರವಿರುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಈ ಗದ್ದಲದ ನಡುವೆ ಒಂದು ಖರೀದಿ ನಿಜಕ್ಕೂ ಎಲ್ಲಿಗೆ ಬಂದು ನಿಂತಿದೆ ಎಂದು ತಿಳಿಯುವುದು ಕಷ್ಟವೇನಲ್ಲ. ಎಲ್ಲಿ ನೋಡಬೇಕು ಎಂಬುದು ಗೊತ್ತಿರಬೇಕು, ಅಷ್ಟೆ.

ಹೆಜ್ಜೆ 1: ಒಪ್ಪಿಗೆ ಕೊಟ್ಟವರು ಯಾರು?

ಸುದ್ದಿಯಲ್ಲಿ ಮೊದಲು ಹುಡುಕಬೇಕಾದದ್ದು ಮೊತ್ತವನ್ನಲ್ಲ, ಒಪ್ಪಿಗೆ ಕೊಟ್ಟ ಸಮಿತಿಯ ಹೆಸರನ್ನು. ರಕ್ಷಣಾ ಸಚಿವರ ಅಧ್ಯಕ್ಷತೆಯ ಖರೀದಿ ಮಂಡಳಿ, ಅಂದರೆ ಡಿಎಸಿ, ಕಾರ್ಗಿಲ್ ಯುದ್ಧದ ನಂತರದ ಸುಧಾರಣೆಗಳ ಭಾಗವಾಗಿ 2001ರಲ್ಲಿ ಹುಟ್ಟಿದ್ದು. ಅದು ಕೊಡುವುದು ‘ಅಕ್ಸೆಪ್ಟೆನ್ಸ್ ಆಫ್ ನೆಸೆಸಿಟಿ’, ಸಚಿವಾಲಯದ ಮಾತಿನಲ್ಲಿ ಎಒಎನ್. ‘ಈ ವಸ್ತು ಬೇಕು ಎಂಬುದನ್ನು ಒಪ್ಪುತ್ತೇವೆ’ ಎನ್ನುವುದಷ್ಟೇ ಅದರ ಅರ್ಥ. ಎಒಎನ್‌ಗೆ ಆಯುಷ್ಯವೂ ಉಂಟು. ಗೊತ್ತುಪಡಿಸಿದ ಅವಧಿಯೊಳಗೆ ಟೆಂಡರ್ ಹೊರಡದಿದ್ದರೆ ಅದು ಬಿದ್ದುಹೋಗುತ್ತದೆ.

ಖರ್ಚಿಗೆ ಮಂಜೂರಾತಿ ಸಿಗುವುದು ಬಹಳ ತಡವಾಗಿ, ಬೆಲೆಯ ಚೌಕಾಸಿ ಮುಗಿದ ಮೇಲೆ. ₹3,000 ಕೋಟಿ ಮೀರಿದ ಖರೀದಿಯಾದರೆ ಪ್ರಧಾನಿ ನೇತೃತ್ವದ ಭದ್ರತೆ ಕುರಿತ ಸಂಪುಟ ಸಮಿತಿಯೇ ಸೈ ಅನ್ನಬೇಕು. ಆದ್ದರಿಂದ ಸುದ್ದಿಯಲ್ಲಿ ‘ಡಿಎಸಿ’ ಎಂದಿದ್ದರೆ ಅದು ಆರಂಭ, ‘ಸಂಪುಟ ಸಮಿತಿ’ ಎಂದಿದ್ದರೆ ಸಹಿ ಹತ್ತಿರ ಬಂದಿದೆ, ‘ಒಪ್ಪಂದಕ್ಕೆ ಸಹಿ’ ಎಂದಿದ್ದರೆ ಮಾತ್ರ ಖರೀದಿ.

ಇದು ಬರೀ ತಾಂತ್ರಿಕ ಕೊಂಕಲ್ಲ. ಜುಲೈ 3ರ ಪಟ್ಟಿಯಲ್ಲಿ ಸಮುದ್ರದಡಿಯ ಸ್ಫೋಟಕ ಮೈನ್‌ಗಳನ್ನು ಪತ್ತೆಮಾಡಿ ತೆಗೆಯುವ ನೌಕೆಗಳೂ ಇದ್ದವು. ಇದೇ ಬಗೆಯ ನೌಕೆಗಳ ಖರೀದಿ ಒಮ್ಮೆ 2014ರಲ್ಲಿ ರದ್ದಾಗಿತ್ತು, ಗೋವಾ ಶಿಪ್‌ಯಾರ್ಡ್‌ನಲ್ಲಿ ವಿದೇಶಿ ತಂತ್ರಜ್ಞಾನದಿಂದ ಕಟ್ಟುವ ಎರಡನೇ ಯತ್ನ 2018ರಲ್ಲಿ ಮುರಿದುಬಿದ್ದಿತ್ತು. ಅಷ್ಟರಲ್ಲಿ ಹಳೆಯ ನೌಕೆಗಳಿಗೆ ವಯಸ್ಸಾಯಿತು: ಐಎನ್‌ಎಸ್ ಕಾರವಾರ 2017ರಲ್ಲಿ ಸೇವೆಯಿಂದ ನಿವೃತ್ತವಾಯಿತು, ಕೊನೆಯದು 2019ರಲ್ಲಿ.

ಹೆಜ್ಜೆ 2: ಅದು ಯಾವ ಯೋಜನೆಯ ಮಗು ಎಂದು ನೋಡಿ

2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಖರೀದಿ ಕಾರ್ಯವಿಧಾನದಲ್ಲಿ ಮೂರು ಪದರಗಳಿವೆ. ಹತ್ತು ವರ್ಷದ ಸಮಗ್ರ ಸಾಮರ್ಥ್ಯ ಯೋಜನೆ ಮೇಲಿನದು, ಅದರಿಂದ ಇಳಿಯುವುದು ಐದು ವರ್ಷದ ಬಂಡವಾಳ ಖರೀದಿ ಯೋಜನೆ, ಅದರಡಿ ವರ್ಷವರ್ಷವೂ ಪರಿಷ್ಕರಣೆಯಾಗುವ ಎರಡು ವರ್ಷದ ಪಟ್ಟಿ. ಇವು ಗೋಪ್ಯ ಕಡತಗಳು, ನಮ್ಮ ನಿಮ್ಮ ಕೈಗೆ ಸಿಗುವಂಥವಲ್ಲ. ಸಾರ್ವಜನಿಕರಿಗೆ ಸಿಗುವುದು ಉದ್ಯಮಗಳಿಗೆಂದು ಪ್ರಕಟಿಸುವ ತಂತ್ರಜ್ಞಾನ ಮುನ್ನೋಟದ ದಾಖಲೆ. 2013, 2018 ಮತ್ತು 2025ರಲ್ಲಿ ಅದು ಹೊರಬಂದಿದೆ. ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಹಣ ಇದೆ ಎಂದಲ್ಲ. ಅದನ್ನು ಬೇಡಿಕೆಪಟ್ಟಿ ಎಂದು ಓದಿ, ಬಜೆಟ್ ಎಂದು ಓದಬೇಡಿ.

ದೀರ್ಘಾವಧಿ ಯೋಜನೆ ಕಾಗದದ ಮೇಲೆ ಎಷ್ಟು ಚೆಂದ ಕಂಡರೂ ಕಡಲಲ್ಲಿ ಎಷ್ಟು ಜಗ್ಗುತ್ತದೆ ಎನ್ನುವುದಕ್ಕೆ ಜಲಾಂತರ್ಗಾಮಿಗಳೇ ಸಾಕು. 30 ವರ್ಷಗಳಲ್ಲಿ 24 ಜಲಾಂತರ್ಗಾಮಿ ಕಟ್ಟುವ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1999ರಲ್ಲಿ. ಅದರಲ್ಲಿ ಸ್ಕಾರ್ಪೀನ್ ಮಾದರಿಯ ಆರು ಜಲಾಂತರ್ಗಾಮಿಗಳಿಗೆ ಸಹಿ ಬಿದ್ದದ್ದು 2005ರ ಅಕ್ಟೋಬರ್‌ನಲ್ಲಿ. ಮೊದಲನೆಯದಾದ ಕಲ್ವರಿ ನೌಕಾಪಡೆ ಸೇರಿದ್ದು 2017ರ ಡಿಸೆಂಬರ್, ಆರನೆಯದಾದ ವಾಗ್‌ಶೀರ್ 2025ರ ಜನವರಿ. ಮುಂದಿನ ಆರರ ಟೆಂಡರ್ ಹೊರಟದ್ದೇ 2021ರ ಜುಲೈನಲ್ಲಿ.

ಹೆಜ್ಜೆ 3: ವರ್ಗ ಯಾವುದು?

ಎಒಎನ್ ಪ್ರಕಟಣೆಯಲ್ಲಿ ಖರೀದಿಯ ವರ್ಗ ಬರೆದಿರುತ್ತದೆ. ‘ಬೈ ಇಂಡಿಯನ್–ಐಡಿಡಿಎಂ’ ಎಂದರೆ ವಿನ್ಯಾಸ, ಅಭಿವೃದ್ಧಿ, ತಯಾರಿಕೆ ಮೂರೂ ಇಲ್ಲಿಯವೇ, ಮೌಲ್ಯದಲ್ಲಿ ಕನಿಷ್ಠ ಶೇ 50 ಸ್ವದೇಶಿ ಪಾಲು. ಆದ್ಯತೆಯಲ್ಲಿ ಇದು ಮೊದಲನೆಯದು, ನೇರ ವಿದೇಶಿ ಖರೀದಿಯಾದ ‘ಬೈ ಗ್ಲೋಬಲ್’ ಕೊನೆಯದು. ಶೇ 50 ಎಂದಾಗ ಉಳಿದ ಅರ್ಧದಲ್ಲಿ ಏನಿದೆ ಎಂಬ ಪ್ರಶ್ನೆ ಕೇಳಿಕೊಳ್ಳಿ. ಅಲ್ಲಿ ಎಂಜಿನ್ ಇದ್ದರೆ ಇಡೀ ವೇಳಾಪಟ್ಟಿಯ ಜುಟ್ಟು ಹೊರದೇಶದ ಕೈಯಲ್ಲಿರುತ್ತದೆ.

ಹೆಜ್ಜೆ 4: ಗುಣಲಕ್ಷಣಗಳ ಪಟ್ಟಿ ಓದಿ

ಹೆಚ್ಚು ಖರೀದಿಗಳು ಸಾಯುವುದು ಇಲ್ಲಿ. ಟೆಂಡರಿಗೆ ಮುನ್ನ ಸೇನೆ ತನಗೆ ಬೇಕಾದ ಗುಣಗಳ ಪಟ್ಟಿ ಬರೆಯುತ್ತದೆ: ತೂಕ ಇಷ್ಟು, ದೂರ ಇಷ್ಟು, ಈ ಎತ್ತರದಲ್ಲಿ ಇಷ್ಟು ಹೊರೆ. ಲೋಕದ ಬೇರೆ ಬೇರೆ ಕಂಪನಿಗಳ ಬ್ರೋಷರ್‌ಗಳಲ್ಲಿರುವ ಅತ್ಯುತ್ತಮ ಅಂಶಗಳನ್ನೆಲ್ಲ ಒಂದೇ ಯಂತ್ರಕ್ಕೆ ಪೋಣಿಸಿದರೆ ಅಂಥ ಯಂತ್ರ ಯಾವ ಅಂಗಡಿಯಲ್ಲೂ ಇರುವುದಿಲ್ಲ.

ರೈಫಲ್‌ನ ಕಥೆ ನೋಡಿ. 2011ರ ಟೆಂಡರ್ ಕೇಳಿದ್ದು ನಳಿಗೆ ಬದಲಿಸಿದರೆ 5.56 ಮಿ.ಮೀ. ಮತ್ತು 7.62 ಮಿ.ಮೀ. ಎರಡೂ ಗುಂಡು ಹಾರಿಸುವ ಬಂದೂಕು, ಸುಮಾರು 66,000. ಸಾಮಾನ್ಯ ಕಾಲಾಳಿಗೆ ಯುದ್ಧಭೂಮಿಯಲ್ಲಿ ನಳಿಗೆ ಬದಲಿಸುವ ಪ್ರಮೇಯ ಯಾವಾಗ ಬರುತ್ತದೆ ಎಂಬುದಕ್ಕೆ ಗಟ್ಟಿ ಉತ್ತರವಿರಲಿಲ್ಲ. 2015ರಲ್ಲಿ ಟೆಂಡರ್ ರದ್ದಾಯಿತು. ಕೊನೆಗೆ ಬಂದದ್ದು 2019ರ ಒಪ್ಪಂದದ 72,400 ಸಿಗ್-716, ಆಮೇಲೆ 2021ರ ಡಿಸೆಂಬರ್‌ನ ಒಪ್ಪಂದದಂತೆ ಅಮೇಠಿಯ ಕೋರ್ವಾದಲ್ಲಿ ತಯಾರಾಗುವ ಆರು ಲಕ್ಷ ಚಿಲ್ಲರೆ ಎಕೆ-203. ನಳಿಗೆ ಬದಲಿಸುವ ಗೊಡವೆ ಎರಡರಲ್ಲೂ ಇಲ್ಲ, ಪ್ರತಿಯೊಂದಕ್ಕೂ ತನ್ನದೇ ಒಂದು ನಳಿಗೆ, ತನ್ನದೇ ಒಂದು ಅಳತೆಯ ಗುಂಡು.

ಹೆಜ್ಜೆ 5: ಪರೀಕ್ಷೆ ಮತ್ತು ಎಲ್-1

ಬಿಡ್ ಎರಡು ಲಕೋಟೆಯಲ್ಲಿ ಬರುತ್ತದೆ. ತಾಂತ್ರಿಕ ಲಕೋಟೆಯನ್ನು ಮೊದಲು ತೆರೆದು, ಯಂತ್ರವನ್ನು ಇಲ್ಲಿಗೇ ತರಿಸಿ ಪರೀಕ್ಷಿಸುತ್ತಾರೆ. ಪರೀಕ್ಷೆಯ ಖರ್ಚು ಮಾರುವವರದ್ದೇ, ಖರೀದಿಯ ಭರವಸೆಯಿಲ್ಲ. ಬಹುಪಾತ್ರಗಳ ಮಧ್ಯಮ ಯುದ್ಧವಿಮಾನಗಳ ಸ್ಪರ್ಧೆಯಲ್ಲಿ ಬೆಂಗಳೂರು, ಜೈಸಲ್ಮೇರ್‌ನ ಮರುಭೂಮಿ, ಲೇಹ್‌ನ ಎತ್ತರ ಮೂರೂ ಕಡೆ ಹಾರಾಟ ನಡೆಯಿತು. ಬಿಸಿಲಿಗೆ ಒಗ್ಗುವ ಎಂಜಿನ್ ಲೇಹ್‌ನ ತೆಳುಗಾಳಿಯಲ್ಲಿ ಏದುಸಿರು ಬಿಡಬಹುದು, ಅದಕ್ಕೇ ಈ ತಿರುಗಾಟ. ಉತ್ತೀರ್ಣರಾದವರ ಬೆಲೆಯ ಲಕೋಟೆ ತೆರೆದಾಗ ಅತಿ ಕಡಿಮೆ ಹೇಳಿದವರು ಎಲ್-1. ಚೌಕಾಸಿ ಅವರೊಂದಿಗೆ ಮಾತ್ರ.

ಎಲ್-1 ಘೋಷಣೆಯಾದರೆ ಖರೀದಿ ಮುಗಿಯಿತು ಎಂದುಕೊಳ್ಳುವುದು ಓದುಗರ ಎರಡನೇ ದೊಡ್ಡ ತಪ್ಪು. ಅದೇ ಸ್ಪರ್ಧೆಯಲ್ಲಿ 126 ವಿಮಾನಗಳ ಟೆಂಡರ್ ಹೊರಟದ್ದು 2007ರ ಆಗಸ್ಟ್, ರಫೇಲ್ ಎಲ್-1 ಆದದ್ದು 2012ರ ಜನವರಿ. ಆಮೇಲೆ ಮೂರು ವರ್ಷ ಮಾತುಕತೆ ಎಳೆಯಿತು. ಎಚ್‌ಎಎಲ್‌ನಲ್ಲಿ ಜೋಡಿಸಬೇಕಿದ್ದ 108 ವಿಮಾನಗಳ ಗುಣಮಟ್ಟಕ್ಕೆ ಹೊಣೆ ಯಾರು ಎಂಬುದು ಅದರ ದೊಡ್ಡ ಗಂಟು. 2015ರಲ್ಲಿ ಆ ಟೆಂಡರ್ ಕೈಬಿಟ್ಟು, 2016ರ ಸೆಪ್ಟೆಂಬರ್‌ನಲ್ಲಿ ಸರ್ಕಾರಗಳ ನಡುವಿನ ಒಪ್ಪಂದದ ಮೂಲಕ ಕೊಂಡದ್ದು 36. ಮೊದಲ ತಂಡ ಅಂಬಾಲಾದಲ್ಲಿ ಇಳಿದದ್ದು 2020ರ ಜುಲೈನಲ್ಲಿ.

ಹೆಜ್ಜೆ 6: ಹಣ ಎಲ್ಲಿದೆ?

ಬಜೆಟ್ ದಿನ ‘ರಕ್ಷಣೆಗೆ ₹6.81 ಲಕ್ಷ ಕೋಟಿ’ ಎಂಬ ಸಾಲು ಕಂಡರೆ ಅಲ್ಲಿಗೇ ನಿಲ್ಲಬೇಡಿ. 2025-26ರ ಆ ಮೊತ್ತ ನಾಲ್ಕು ಅನುದಾನ ಬೇಡಿಕೆಗಳಲ್ಲಿ ಹಂಚಿಹೋಗಿದೆ: ಸಚಿವಾಲಯದ ನಾಗರಿಕ ವೆಚ್ಚ, ಪಡೆಗಳ ಕಂದಾಯ ವೆಚ್ಚ (ಅಂದರೆ ದಿನನಿತ್ಯದ ಖರ್ಚು), ಬಂಡವಾಳ ವೆಚ್ಚ, ಪಿಂಚಣಿ. ಪಿಂಚಣಿಯೊಂದೇ ₹1.60 ಲಕ್ಷ ಕೋಟಿಗೂ ಹೆಚ್ಚು. ಹೊಸ ಆಯುಧದ ಹಣ ಇರುವುದು ₹1.80 ಲಕ್ಷ ಕೋಟಿಯ ಬಂಡವಾಳ ವೆಚ್ಚದಲ್ಲಿ, ಅದರೊಳಗೂ ಆಧುನೀಕರಣಕ್ಕೆಂದು ಮೀಸಲಾದದ್ದು ₹1,48,722 ಕೋಟಿ. ಬಿಡಿಭಾಗ, ಇಂಧನ, ಬಹುಪಾಲು ಮದ್ದುಗುಂಡು ಬರುವುದು ಕಂದಾಯ ಲೆಕ್ಕದಿಂದ. ಹೀಗಾಗಿ ಬಂಡವಾಳ ಹೆಚ್ಚಿಸಿ ಕಂದಾಯ ಬಿಗಿಹಿಡಿದರೆ ಹೊಸ ಫಿರಂಗಿ ಬಂದೀತು, ಹಾರಿಸಲು ಗುಂಡು ಕಡಿಮೆ ಬಿದ್ದೀತು.

ಆಧುನೀಕರಣದ ಮೊತ್ತವೂ ಪೂರ್ತಿ ಹೊಸ ಖರೀದಿಗಲ್ಲ. ಹಿಂದಿನ ಒಪ್ಪಂದಗಳ ಕಂತುಗಳು ಮೊದಲು ಕತ್ತರಿಸಿಹೋಗುತ್ತವೆ. ಈ ಬದ್ಧ ಹೊಣೆಯ ಚರ್ಚೆ ಬಜೆಟ್ ಭಾಷಣದಲ್ಲಿ ಸಿಗುವುದಿಲ್ಲ. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಅನುದಾನ ಬೇಡಿಕೆ ವರದಿಗಳನ್ನು ತಿರುವಿಹಾಕಿ, ಅಲ್ಲಿ ಸಿಗುತ್ತದೆ. ಇನ್ನೊಂದು ತೊಡಕು ಮಾರ್ಚ್ 31. ಅಷ್ಟರೊಳಗೆ ಖರ್ಚಾಗದ ಹಣ ವಾಪಸ್. ಹತ್ತು ವರ್ಷದ ಯೋಜನೆಯನ್ನು ಹನ್ನೆರಡು ತಿಂಗಳ ಥೈಲಿಯಿಂದ ನಡೆಸುವ ಈ ಪಾಡಿಗೆ ಪರಿಹಾರವಾಗಿ, ವರ್ಷ ಮುಗಿದರೂ ಕರಗದ ನಿಧಿಯೊಂದನ್ನು ಸ್ಥಾಪಿಸಲು 15ನೇ ಹಣಕಾಸು ಆಯೋಗ ಶಿಫಾರಸು ಮಾಡಿತ್ತು.

ಹೆಜ್ಜೆ 7: ಸಹಿಯ ನಂತರ ದಿನಾಂಕ ಬರೆದಿಟ್ಟುಕೊಳ್ಳಿ

ಒಪ್ಪಂದದ ಪ್ರಕಟಣೆಯಿಂದ ನಾಲ್ಕು ಅಂಶ ಗುರುತು ಮಾಡಿಕೊಳ್ಳಿ: ಸಂಖ್ಯೆ, ಮೊತ್ತ, ಪೂರೈಕೆ ಶುರುವಾಗುವ ವರ್ಷ, ಮುಗಿಯುವ ವರ್ಷ. ಮೊತ್ತದಲ್ಲಿ ತೆರಿಗೆ ಸೇರಿದೆಯೇ ಎಂಬುದನ್ನೂ ನೋಡಿ, ಎರಡು ಒಪ್ಪಂದಗಳನ್ನು ಹೋಲಿಸುವಾಗ ಎಡವುವುದು ಅಲ್ಲೇ.

ದೇಶದಲ್ಲೇ ರೂಪುಗೊಂಡ ತೇಜಸ್ ಯುದ್ಧವಿಮಾನದ ಮಾರ್ಕ್-1ಎ ಮಾದರಿಯ 73 ಮತ್ತು 10 ತರಬೇತಿ ವಿಮಾನ, ಒಟ್ಟು 83ಕ್ಕೆ ಸಹಿಯಾದದ್ದು 2021ರ ಫೆಬ್ರುವರಿ 3ರಂದು, ಯಲಹಂಕದ ಏರೋ ಇಂಡಿಯಾದಲ್ಲಿ. ಪೂರೈಕೆ 2024ರ ಮಾರ್ಚ್‌ ವೇಳೆಗೆ ಆರಂಭವಾಗಬೇಕಿತ್ತು. ವಿಮಾನದ ಒಡಲು ಬೆಂಗಳೂರಿನಲ್ಲಿ ಸಿದ್ಧವಾಗುತ್ತಿತ್ತು, ಎಂಜಿನ್ ಅಮೆರಿಕದಿಂದ ಬರಬೇಕಿತ್ತು. 2021ರಲ್ಲಿ ಬೇಡಿಕೆ ಸಲ್ಲಿಸಿದ 99 ಎಫ್‌-404 ಎಂಜಿನ್‌ಗಳಲ್ಲಿ ಮೊದಲನೆಯದನ್ನು ಜಿಇ ಕಂಪನಿ ಹಸ್ತಾಂತರಿಸಿದ್ದು 2025ರ ಮಾರ್ಚ್‌ನಲ್ಲಿ. ಮೂರನೇ ಹೆಜ್ಜೆಯಲ್ಲಿ ಹೇಳಿದ ಜುಟ್ಟು ಇದೇ.

ಹೆಜ್ಜೆ 8: ಕೂಡಿದ ಮೇಲೆ ಕಳೆಯಿರಿ

ಬರುವ ಆಯುಧಗಳ ಲೆಕ್ಕ ಎಲ್ಲರೂ ಹಾಕುತ್ತಾರೆ, ಹೋಗುವವುಗಳದ್ದು ಯಾರಿಗೂ ನೆನಪಾಗುವುದಿಲ್ಲ. ಇನ್ನೂ 97 ತೇಜಸ್‌ಗೆ ₹62,370 ಕೋಟಿಯ ಒಪ್ಪಂದವಾದದ್ದು 2025ರ ಸೆಪ್ಟೆಂಬರ್ 25ರಂದು. ಮರುದಿನವೇ ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ಬೀಳ್ಕೊಡುಗೆ. ವಾಯುಪಡೆಗೆ ಮಂಜೂರಾದ ಯುದ್ಧವಿಮಾನ ಸ್ಕ್ವಾಡ್ರನ್‌ಗಳು (ವಿಮಾನ ತುಕಡಿಗಳು) 42, ಆ ದಿನದ ನಂತರ ಉಳಿದದ್ದು 29. ಹೊಸ 97ರ ಪೂರೈಕೆ 2027-28ರಲ್ಲಿ ಶುರುವಾಗಿ ಆರು ವರ್ಷ ನಡೆಯಬೇಕು. ಎಲ್ಲವೂ ಹೇಳಿದಂತೆಯೇ ನಡೆದರೂ ಈ ಒಪ್ಪಂದದಿಂದ ಸಿಗುವುದು ವರ್ಷಕ್ಕೆ ಸರಾಸರಿ 16 ವಿಮಾನ, ಅಂದರೆ ಹೆಚ್ಚುಕಡಿಮೆ ಒಂದು ಸ್ಕ್ವಾಡ್ರನ್. ಅತ್ತ ಹಳೆಯ ಜಾಗ್ವಾರ್ ಯುದ್ಧವಿಮಾನಗಳ ಆರು ಸ್ಕ್ವಾಡ್ರನ್‌ಗಳು ನಿವೃತ್ತಿಯ ಸಾಲಿನಲ್ಲಿ ನಿಂತಿವೆ.