ಗೌರಿ ಹೂವಿನ ಗಡ್ಡೆ ನೆಡುವಾಗ ತುದಿ ಜೋಪಾನ

ಪುಣೆಯ ಕೋಥ್ರೂಡಿನ ನಮ್ಮ ಸೊಸೈಟಿಯಲ್ಲಿ ಹೋದ ವರ್ಷ ನಾಲ್ಕು ಮನೆಯವರು ಗೌರಿ ಹೂವಿನ ಗಡ್ಡೆ ತಂದರು. ಹೂ ಬಿಟ್ಟಿದ್ದು ಒಂದೇ ಮನೆಯಲ್ಲಿ. ಉಳಿದವರು ಮಾಡಿದ ತಪ್ಪನ್ನು ಮೊದಲ ಸಲ ನಾನೂ ಮಾಡಿದ್ದೆ.

ಮಲೆನಾಡಿನ ಬೇಲಿಗಳಲ್ಲಿ ಮಳೆಗಾಲಕ್ಕೆ ಹಬ್ಬುವ, ಆರು ಎಸಳನ್ನೂ ಬೆಂಕಿಯಂತೆ ಮೇಲಕ್ಕೆತ್ತಿದ ಅಗ್ನಿಶಿಖೆಯೇ ಇದು. ಇಲ್ಲಿಯವರಿಗೆ ಕಳಲಾವಿ, ‘ಗೌರೀಚೇ ಹಾತ್’, ಅಂದರೆ ಗೌರಿಯ ಕೈ. ಸಹ್ಯಾದ್ರಿಯದೇ ಬಳ್ಳಿಯಾದ್ದರಿಂದ ಪುಣೆಯ ಹವೆ ಹೊಸದಲ್ಲ. ಹಾಗಂತ ಗುಡ್ಡದಿಂದ ಕಿತ್ತು ತರಬೇಡಿ, ನರ್ಸರಿಯಲ್ಲೇ ಕೊಳ್ಳಿ.

ಮೇ ಕೊನೆಗೆ 12 ಇಂಚಿನ ಕುಂಡ ಸಿದ್ಧಮಾಡಿ. (ಮರಾಠಿಯವರು ಇದಕ್ಕೆ ‘ಕುಂಡಿ’ ಅನ್ನುತ್ತಾರೆ. ಧಾರವಾಡದಿಂದ ಬಂದ ನಮ್ಮವ್ವ ಅದನ್ನು ಕೇಳಿ ಬಾಯಿಗೆ ಸೆರಗು ಹಿಡಿದಿದ್ದಳು.) ಕೆಂಪು ಮಣ್ಣು, ಮರಳು, ಕಾಂಪೋಸ್ಟ್ ಸಮಸಮ. ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ರೆಡಿಮೇಡ್ ಮಿಕ್ಸ್ ಬೇಡವೇ ಬೇಡ. ಜುಲೈ ಮಳೆಯಲ್ಲಿ ಅದು ನೆನೆದ ಸ್ಪಂಜಿನಂತೆ ನೀರು ಹಿಡಿದು ಗಡ್ಡೆ ಕೊಳೆಸುತ್ತದೆ.

ಈಗ ಗಡ್ಡೆ. ಇಂಗ್ಲಿಷಿನ ವಿ ಅಕ್ಷರದ ಹಾಗೆ ಎರಡು ತೋಳು. ಆಲೂಗಡ್ಡೆಗಾದರೆ ಮೈತುಂಬ ಕಣ್ಣು. ಇದಕ್ಕೆ ಮೊಳಕೆ ಇರುವುದು ತೋಳಿನ ತುದಿಯಲ್ಲಿ ಮಾತ್ರ, ಒಂದು ತೋಳಿಗೆ ಒಂದೇ. ಅದು ಮುರಿಯಿತೋ, ಆ ತೋಳಿನ ಕಥೆ ಮುಗಿಯಿತು. ಬೆಳಕಿಗೆ ಹಿಡಿದು ನೋಡಿಯೇ ಕೊಳ್ಳಿ: ತುದಿ ಒಣಗಿ ಕಪ್ಪಾಗಿದ್ದರೆ, ಪ್ಯಾಕೆಟ್ಟಿನ ಮೇಲೆ ಎಷ್ಟೇ ಚಂದದ ಹೂವಿನ ಚಿತ್ರ ಇರಲಿ, ವಾಪಸ್ ಇಡಿ. ಮೇಲಿನ ಮನೆಯ ಕಾಕು ಮೂಲಂಗಿಯಂತೆ ನೆಟ್ಟಗೆ ಚುಚ್ಚಿದರು, ತುದಿ ತಳಕ್ಕೆ ತಾಗಿ ಮುರಿಯಿತು. ಎರಡು ಇಂಚು ಆಳದಲ್ಲಿ ಗಡ್ಡೆಯನ್ನು ಅಡ್ಡ ಮಲಗಿಸಬೇಕು. ಮಣ್ಣು ಉದುರಿಸಿ ಮುಚ್ಚಿ, ಅಂಗೈಯಿಂದ ಒತ್ತಬೇಡಿ. ಮೊಳಕೆ ಕಾಣಲು ಎರಡು ಮೂರು ವಾರವಾದರೂ ಬೇಕು. ನಾನು ಹದಿನೈದನೇ ದಿನಕ್ಕೇ ‘ಏನಾಯ್ತೋ’ ಅಂತ ಚಮಚದಿಂದ ಕೆದಕಿದೆ. ಬೆಳ್ಳಗಿನ ಮೊಳಕೆ ಟಕ್ಕನೆ ಮುರಿದು ಚಮಚದಲ್ಲೇ ಬಂತು.

ಬಳ್ಳಿಗೆ ಹಿಡಿದು ಹಬ್ಬಲು ಬೇರೆ ಕುಡಿಯಿಲ್ಲ, ಎಲೆಯ ತುದಿಯೇ ಸುರುಳಿಯಾಗಿ ಹಿಡಿದುಕೊಳ್ಳುತ್ತದೆ. ದಪ್ಪ ಬಿದಿರನ್ನು ಅದು ತಬ್ಬಲಾರದು. ಗ್ರಿಲ್‌ಗೆ ಸುತಲಿ ದಾರ ಕಟ್ಟಿ, ಆರಡಿ ಏರುತ್ತದೆ. ಬಿಸಿಲು ಬೇಕು. ಮಳೆ ಇಲ್ಲದ ದಿನ ಮಾತ್ರ ನೀರು.

ಎಲ್ಲ ಸರಿಹೋದರೆ ಗೌರಿ ಹಬ್ಬದ ಹೊತ್ತಿಗೆ ಹೂ. ಮೊದಲು ಹಸಿರು, ಆಮೇಲೆ ಹಳದಿ, ಕೊನೆಗೆ ಕೆಂಪು. ಒಂದೇ ಹೂ ಬಣ್ಣ ಬದಲಿಸುವುದನ್ನು ದಿನಾ ನೋಡಬಹುದು.

ಆದರೆ ಇಡೀ ಗಿಡ ವಿಷ, ಗಡ್ಡೆಯಂತೂ ಕಡುವಿಷ. ಗೌಟ್ ಎಂಬ ಸಂಧಿವಾತದ ಔಷಧಕ್ಕೆ ಬಳಸುವ ಕಾಲ್ಚಿಸಿನ್ ಇದರಲ್ಲಿದೆ, ಅಳತೆ ಮೀರಿದರೆ ಪ್ರಾಣಕ್ಕೇ ಕುತ್ತು. ಗೆಣಸು ಅಂತ ತಿಂದು ಸತ್ತವರಿದ್ದಾರೆ. ಕೈಗವಸು ಹಾಕಿ ಮುಟ್ಟಿ. ಸಿಕ್ಕಿದ್ದನ್ನು ಬಾಯಿಗಿಡುವ ಮಗು ಅಥವಾ ನಾಯಿ, ಬೆಕ್ಕು ಮನೆಯಲ್ಲಿದ್ದರೆ ದಾಸವಾಳ ಬೆಳೆಸಿ, ಇದು ಬೇಡ.

ದೀಪಾವಳಿಯ ಆಸುಪಾಸು ಎಲೆ ಹಳದಿಯಾಗಿ ಬಳ್ಳಿ ಒಣಗುತ್ತದೆ. ಎರಡನೇ ಎಡವಟ್ಟು ಇಲ್ಲೇ: ಸತ್ತಿತೆಂದು ಕೆಲವರು ಮಣ್ಣು ಚೆಲ್ಲುತ್ತಾರೆ, ಬದುಕಿಸಲು ಕೆಲವರು ನೀರು ಸುರಿಯುತ್ತಾರೆ. ಹಳೆ ಗಡ್ಡೆ ಕರಗಿ ಒಳಗೆ ಹೊಸದು ಆಗಿರುತ್ತದೆ. ನೀರು ನಿಲ್ಲಿಸಿ, ಕುಂಡವನ್ನು ಮೇ ತನಕ ಒಣ ಮೂಲೆಗೆ ತಳ್ಳಿ. ಕೆಲಸದ ಮೌಶಿ ಖಾಲಿ ಮಾಡದಿರಲೆಂದು ನಮ್ಮ ಕುಂಡದ ಮೇಲೆ ಮಾರ್ಕರಿನಲ್ಲಿ ಬರೆದಿದೆ: ‘ಝೋಪಲೀ ಆಹೆ’, ಮಲಗಿದ್ದಾಳೆ. ಅದರ ಕೆಳಗೆ ದಪ್ಪಗೆ, ‘ವಿಷ’.